ಬಾದಾಮಿ ಅಮಾವಾಸ್ಯೆಯ ಕಾಂಕ್ರೀಟ್

ಯಂತ್ರದ ಅಡಿಪಾಯಕ್ಕೆ ಒಂದು ನಿಯಮವಿದೆ. ಅದರ ಕಾಂಕ್ರೀಟನ್ನು ಒಂದೇ ಸಲಕ್ಕೆ ಹಾಕಿ ಮುಗಿಸಬೇಕು. ಅರ್ಧ ಇವತ್ತು, ಅರ್ಧ ನಾಳೆ ಎಂದು ಹಾಕಿದರೆ ಹಳೆಯದೂ ಹೊಸದೂ ಒಂದಾಗದೆ ನಡುವೆ ಒಂದು ಸಂದು ಉಳಿಯುತ್ತದೆ. ಮೇಲೆ ಯಂತ್ರ ದಿನವಿಡೀ ಕುಟ್ಟುತ್ತಿದ್ದರೆ ಎಂದಾದರೊಂದು ದಿನ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಕಾಲೇಜಿನಲ್ಲಿ ಇದನ್ನು ಪರೀಕ್ಷೆಗೆಂದು ಬರೆದಿದ್ದೆ. ಫೋಂಡಾದ ಹತ್ತಿರ ರಟ್ಟಿನ ಪೆಟ್ಟಿಗೆ ತಯಾರಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ, ಮೊದಲ ಬಾರಿಗೆ ಒಂದು ಕೆಲಸವನ್ನು ಆರಂಭದಿಂದ ಕೊನೆಯವರೆಗೆ ನಾನೇ ನಡೆಸಬೇಕಾಗಿ ಬಂದಾಗ, ಆ ನಿಯಮದ ಪಕ್ಕದಲ್ಲಿ ಇನ್ನೊಂದು ನಿಯಮವೂ ಬಂದು ನಿಂತಿತು. ಎರಡರ ನಡುವೆ ನಾನಿದ್ದೆ.

ನಡೆದದ್ದನ್ನು ನಡೆದ ಹಾಗೆ ಬರೆಯುವ ಆಸೆ ನನಗಿದೆ. ಆದರೆ ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಬೇರೆಯವರು ಹೇಳಿದ ಒಳ್ಳೆಯ ಮಾತನ್ನು ಕೆಲವು ತಿಂಗಳಾದ ಮೇಲೆ ನನ್ನದೇ ಎಂದು ಇಟ್ಟುಕೊಳ್ಳುವ ಗುಣ ಅದಕ್ಕಿದೆ. ಆದ್ದರಿಂದ ಫೋನಿನಲ್ಲಿ ಉಳಿದ ಫೋಟೋಗಳನ್ನು ನೋಡಿ, ಸಿಕ್ಕವರನ್ನು ಕೇಳಿ ಬರೆಯುತ್ತಿದ್ದೇನೆ. ಖಚಿತವಿಲ್ಲದ ಕಡೆ ಹಾಗೆಂದು ಹೇಳುತ್ತೇನೆ.

ಕಾರ್ಖಾನೆಯ ಒಡತಿ ಗೋವಾದ ಕ್ರೈಸ್ತ ಮನೆತನದವರು. ಗೋಡಂಬಿ, ಮಿಠಾಯಿ, ಮೀನು ಕಳಿಸುವವರಿಗೆಲ್ಲ ಅವರು ಪೆಟ್ಟಿಗೆ ಮಾಡಿಕೊಡುತ್ತಿದ್ದರು. ರಟ್ಟನ್ನು ಕತ್ತರಿಸಿ ಗೆರೆ ಒತ್ತುವ ಅವರ ಹಳೆಯ ಯಂತ್ರ ಕೈಕೊಟ್ಟಿತ್ತು, ಮೊದಲೇ ಕತ್ತರಿಸಿಟ್ಟ ರಟ್ಟು ಮಳೆ ಬರುವವರೆಗೆ ಮಾತ್ರ ಸಾಲುತ್ತಿತ್ತು. ಬೇರೆ ರಾಜ್ಯದಲ್ಲಿ ಮುಚ್ಚಿದ ಕಾರ್ಖಾನೆಯೊಂದರಿಂದ ಭಾರಿ ಯಂತ್ರವೊಂದನ್ನು ಕೊಂಡಿದ್ದರು. ಮಾರಿದವರಿಗೆ ಶೆಡ್ಡು ಖಾಲಿ ಮಾಡುವ ಅವಸರವಿತ್ತು, ಹಾಗಾಗಿ ಯಂತ್ರ ಹೊರಡುವ ದಿನ ಮೊದಲೇ ಗೊತ್ತಾಗಿತ್ತು. ತೊಂದರೆ ಇದ್ದದ್ದು ದಾರಿಯದು. ಡಾಂಬರು ರಸ್ತೆಯಿಂದ ಕಾರ್ಖಾನೆಗೆ ಬರುವುದು ಕೆಂಪು ಮಣ್ಣಿನ ಒಂದು ಏರು. ಒಂದು ಒಳ್ಳೆಯ ಮಳೆ ಬಿದ್ದರೆ ಅಲ್ಲಿ ಬೈಕು ಕೂಡ ಜಾರುತ್ತದೆ, ಟ್ರೇಲರ್ ಹತ್ತುವ ಮಾತೇ ಇಲ್ಲ. ಮಳೆಗೆ ಮೊದಲು ಯಂತ್ರ ಮೇಲೆ ಬಂದು ಅಡಿಪಾಯದ ಮೇಲೆ ಕೂರದಿದ್ದರೆ ಮಳೆಗಾಲ ಮುಗಿಯುವವರೆಗೆ ಎಲ್ಲೋ ತಾಡಪತ್ರಿಯ ಕೆಳಗೆ ಬಿದ್ದಿರಬೇಕು. ಕಾರ್ಖಾನೆ ಮುಚ್ಚಿರಬೇಕು. ಪೆಟ್ಟಿಗೆ ಮಡಚುವ ಹೆಂಗಸರು ಮನೆಯಲ್ಲಿ ಕೂರಬೇಕು.

ನಮ್ಮ ಮಾಲೀಕರು, ಫೋಂಡಾದಲ್ಲೇ ಕಟ್ಟಡದ ಗುತ್ತಿಗೆ ಮಾಡುವವರು, ನಕ್ಷೆಯ ಸುರುಳಿಯನ್ನು ನನ್ನ ಕೈಗೆ ಕೊಟ್ಟು, "ಕೆಲಸವೂ ನಿನ್ನದು, ಆಕೆಯ ಜತೆ ಮಾತೂ ನಿನ್ನದು" ಎಂದರು. ಮೊದಲನೆಯದು ನನಗೆ ಖುಷಿ ಕೊಟ್ಟಿತು. ಎರಡನೆಯದನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಎಂದು ಈಗ ಅನ್ನಿಸುತ್ತದೆ.

ಕಂಪ್ಯೂಟರಿನಲ್ಲಿ ಒಂದು ವೇಳಾಪಟ್ಟಿ ಮಾಡಿದೆ. ಅಗೆತ, ತಳಕ್ಕೆ ಸಿಮೆಂಟು ಕಡಿಮೆಯಿರುವ ಬಡ ಕಾಂಕ್ರೀಟು, ಸರಳಿನ ಪಂಜರ, ಬೋಲ್ಟುಗಳು, ಮುಖ್ಯ ಕಾಂಕ್ರೀಟು, ನೀರುಣಿಸುವ ದಿನಗಳು, ಎಲ್ಲಕ್ಕೂ ಬಣ್ಣ ಬಣ್ಣದ ಪಟ್ಟಿಗಳು. ಭಾನುವಾರ ಮತ್ತು ಸರ್ಕಾರಿ ರಜೆಗಳನ್ನು ಬೂದು ಬಣ್ಣದಲ್ಲಿ ತೋರಿಸಿದ್ದೆ. ಅದನ್ನು ಮುದ್ರಿಸಿ ಕಾರ್ಖಾನೆಯ ಹಿಂಗೋಡೆಗೆ ಅಂಟಿಸಿದೆ.

ಕೆಲಸಕ್ಕೆ ಬಂದವರು ವಾಸ್ಕೋದಲ್ಲಿ ನೆಲೆಸಿದ ವಿಜಯಪುರ ಕಡೆಯ ಗುಂಪು. ಬೆಳಿಗ್ಗೆ ಟೆಂಪೋದಲ್ಲಿ ಬಂದು ಸಂಜೆ ಹೋಗುತ್ತಿದ್ದರು. ಮುಂದಾಳು ಒಬ್ಬ ಮೇಸ್ತ್ರಿ, ಐವತ್ತರ ಆಸುಪಾಸಿನವರು. ಅವರ ಹೆಂಡತಿ ಹೆಣ್ಣಾಳುಗಳನ್ನು ನಡೆಸುತ್ತಿದ್ದರು. ಸರಳು ಕಟ್ಟುವ ಫಿಟ್ಟರ್ ಅದೇ ತಾಲ್ಲೂಕಿನ ಮುಸಲ್ಮಾನ. ಮೇಸ್ತ್ರಿಯನ್ನು ಕಾಕಾ ಎನ್ನುತ್ತಿದ್ದ, ಬಾಯಿಗೆ ಬಿಡುವಿರಲಿಲ್ಲ. ನಾನು ಧಾರವಾಡದ ಕಡೆಯವನು ಎಂದು ತಿಳಿದ ಮೊದಲ ದಿನವೇ ಮೇಸ್ತ್ರಿಯ ಹೆಂಡತಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರು. "ನಮ್ಮ ಕಡಿಯವ್ರ ಸಿಕ್ರಲ್ಲ, ಇನ್ನ ಕೈಸನ್ನಿ ಮಾಡಿ ಮಾತಾಡೋದು ತಪ್ತು" ಎಂದರು. ಹಿಂದಿನ ಎಂಜಿನಿಯರರಿಗೆ ಕೊಂಕಣಿ, ಹಿಂದಿ ಬಿಟ್ಟರೆ ಬೇರೆ ಬರುತ್ತಿರಲಿಲ್ಲವಂತೆ.

ಅಗೆತದಲ್ಲೇ ಮೊದಲ ಪೆಟ್ಟು ಬಿತ್ತು. ಗುಂಡಿಯ ಒಂದು ಕಡೆ ಗಟ್ಟಿ ಜಂಬಿಟ್ಟಿಗೆ ಬಂಡೆ, ಇನ್ನೊಂದು ಕಡೆ ಯಾವ ಕಾಲದಲ್ಲೋ ತುಂಬಿದ ಸಡಿಲ ಮಣ್ಣು. ಹಾಗೆಯೇ ಬಿಟ್ಟರೆ ಯಂತ್ರ ಒಂದು ಬದಿಗೆ ಕುಸಿಯುತ್ತದೆ. ಸಡಿಲ ಮಣ್ಣನ್ನೆಲ್ಲ ತೆಗೆದು ಗಟ್ಟಿ ನೆಲ ಸಿಗುವವರೆಗೆ ಇಳಿದು, ಆ ಜಾಗವನ್ನು ಬಡ ಕಾಂಕ್ರೀಟಿನಿಂದ ತುಂಬಿಕೊಂಡು ಬಂದೆವು. ದಿನಗಳು ಹೋದವು. ಪ್ರತಿ ಸಂಜೆ ಒಡತಿಯ ಫೋನು ಬರುತ್ತಿತ್ತು. ಪ್ರತಿ ಸಂಜೆ ನಾನು, "ಎಲ್ಲ ಸರಿಯಿದೆ ಮೇಡಂ, ಮುಂದೆ ಸರಿದೂಗಿಸುತ್ತೇವೆ" ಎನ್ನುತ್ತಿದ್ದೆ.

ಕಾಂಕ್ರೀಟು ಬರಬೇಕಾದದ್ದು ಲಾರಿಯಲ್ಲಿ, ಸಿದ್ಧ ಕಾಂಕ್ರೀಟಿನ ಘಟಕದಿಂದ. ದಿನ ಮುಂದಕ್ಕೆ ಹೋದ ಮೇಲೆ ಘಟಕದವರನ್ನು ಕಾಡಿ ಬೇಡಿ ಹೊಸ ದಿನ ಪಡೆದೆ. ಗುಂಪಿನ ವಾಟ್ಸಾಪಿಗೆ ಇಂಗ್ಲಿಷಿನಲ್ಲಿ ಒಂದು ಸಂದೇಶ ಹಾಕಿದೆ. ಆ ಸಂದೇಶ ಈಗಲೂ ಇದೆ. ಮೇಸ್ತ್ರಿ ಓದುವವರಲ್ಲ, ಧ್ವನಿ ಸಂದೇಶ ಮಾತ್ರ ಕೇಳುವವರು. ಅವರಿಗೆ ಬಾಯಲ್ಲೂ ಹೇಳಿದ್ದೆ ಎಂದು ನನ್ನ ನೆನಪು. ಹೇಳಲಿಲ್ಲ ಎಂದು ಅವರ ನೆನಪು. ಬಾಜಿ ಕಟ್ಟಬೇಕೆಂದರೆ ನಾನು ಅವರ ಕಡೆಯೇ ಕಟ್ಟುತ್ತೇನೆ.

ಕಾಂಕ್ರೀಟಿನ ಹಿಂದಿನ ದಿನ ಬೆಳಿಗ್ಗೆ ಪಂಜರ ಕಟ್ಟಿ ಮುಗಿಯುತ್ತ ಬಂದಿತ್ತು. ಮೇಸ್ತ್ರಿ ಟೆಂಪೋದವನಿಗೆ, "ನಾಳಿ ಬರಬ್ಯಾಡಪಾ" ಎನ್ನುವುದು ಕೇಳಿಸಿತು. ನಾನು ತಿರುಗಿದೆ.

"ಬರಬ್ಯಾಡ ಅಂದ್ರ? ನಾಳೆ ಕಾಂಕ್ರೀಟ್ ಐತಲ್ಲ ಮೇಸ್ತ್ರಿ."

"ನಾಳಿ ಎಲ್ಲಿ ಕಾಂಕ್ರೀಟ್ರಿ ಸಾಹೇಬ್ರ? ನಾಳಿ ಬಾದಾಮಿ ಅಮಾಸಿ."

ಅಮಾವಾಸ್ಯೆಯ ದಿನ ನಮ್ಮ ಕಡೆಯ ಗಾರೆ ಕೆಲಸದ ಗೌಂಡಿಗಳು ಹೊಸ ಕೆಲಸ ಹಿಡಿಯುವುದಿಲ್ಲ, ಒಕ್ಕಲಿಗರು ಎತ್ತು ಹೂಡುವುದಿಲ್ಲ; ಹಿಡಿದರೆ ಯಾರಾದರೂ ಬಿದ್ದು ಪೆಟ್ಟು ಮಾಡಿಕೊಳ್ಳುತ್ತಾರೆ ಎಂಬ ನಂಬಿಕೆ. ನನ್ನ ಅಜ್ಜನೂ ಹೂಡುತ್ತಿರಲಿಲ್ಲ. ಹುಡುಗನಾಗಿದ್ದಾಗ ಅದು ನನಗೆ ಗೊತ್ತಿತ್ತು. ವಿಶ್ವವಿದ್ಯಾಲಯದಲ್ಲಿದ್ದಾಗ ಇಂಥದ್ದನ್ನೆಲ್ಲ ಮೂಢನಂಬಿಕೆ ಎಂದು ಗೆಳೆಯರ ಜತೆ ಕೂತು ಒಂದೊಂದಾಗಿ ತಳ್ಳಿಹಾಕಿದ್ದೆವು. ತಳ್ಳಿಹಾಕಿದ್ದು ಎಷ್ಟು ಚೆನ್ನಾಗಿ ಆಗಿತ್ತೆಂದರೆ ವೇಳಾಪಟ್ಟಿ ಮಾಡುವಾಗ ಅದು ತಲೆಗೆ ಬರಲೇ ಇಲ್ಲ.

"ಗ್ವಾಡಿಗೆ ಹಚ್ಚಿದ್ನಲ್ಲ, ರಜಾ ಎಲ್ಲಾ ಬರದಿದ್ದೆ. ಅಮಾಸಿ ಐತಿ ಅಂತ ಅವತ್ತ ಯಾಕ ಹೇಳಲಿಲ್ಲ?"

"ಹುಡುಗ್ರು ಓದಿ ಹೇಳಿದ್ರರಿ. ಗೊತ್ತಿದ್ದದ್ದನ್ನ ಯಾರ ಬರೀತಾರ ಅಂತ ಬಿಟ್ಟೆ" ಎಂದರು ಮೇಸ್ತ್ರಿ. "ಗೋವಾದ ಇಂಜಿನೇರ್ ಇದ್ದಿದ್ರ ಮೊದಲ ದಿನಾನ ಬೆರಳ ಮಡಚಿ ಹೇಳ್ತಿದ್ದೆ. ಎಲ್ಲಾರಿಗೂ ಹೇಳ್ತೇನಿ. ನೀವು ನಮ್ಮವ್ರ. ನಿಮಗ ಅಮಾಸಿ ಹೇಳಿದ್ರ, ಏನ್ ಇವ ನನಗ ಪಂಚಾಂಗ ಕಲಸಾಕ ಬಂದಾನ ಅಂತ ಸಿಟ್ಟಾಗೂದಿಲ್ಲೇನ್ರಿ?"

ಒಂದೇ ಭಾಷೆ ಇದ್ದದ್ದರಿಂದಲೇ ಆ ಒಂದು ಮಾತು ನಮ್ಮ ನಡುವೆ ಬಂದಿರಲಿಲ್ಲ. ಹಿಂದಿನ ಎಂಜಿನಿಯರರಿಗೆ ಅವರು ಕೈಸನ್ನೆ ಮಾಡಿಯಾದರೂ ಹೇಳಿರುತ್ತಿದ್ದರು.

ನಾನು ವಾದಕ್ಕೆ ನಿಂತೆ. ಚಂದ್ರ ಎಲ್ಲಿರುತ್ತಾನೆ, ಕಾಂಕ್ರೀಟು ಹೇಗೆ ಗಟ್ಟಿಯಾಗುತ್ತದೆ, ಒಂದಕ್ಕೂ ಇನ್ನೊಂದಕ್ಕೂ ಯಾಕೆ ಸಂಬಂಧವಿಲ್ಲ. ಹೆಣ್ಣಾಳುಗಳು ಕೆಲಸ ನಿಲ್ಲಿಸಿ ಕೇಳಿದರು. ಮೇಸ್ತ್ರಿಯ ಹೆಂಡತಿ, "ಸಾಲಿ ಚಲೋ ನಡಸ್ತೀರಿ ಸಾಹೇಬ್ರ, ಕಾಂಕ್ರೀಟ್ ನಾಡದ ಹಾಕೂಣು" ಎಂದರು.

ನಾಡಿದ್ದು ಸಾಧ್ಯವಿರಲಿಲ್ಲ. ಘಟಕಕ್ಕೆ ಫೋನು ಮಾಡಿದೆ. ನಾಡಿದ್ದಿನಿಂದ ಅವರ ಲಾರಿಗಳೆಲ್ಲ ಒಂದು ಸೇತುವೆಯ ಕೆಲಸಕ್ಕೆ. ಮುಂದಿನ ಬಿಡುವು ತಿಂಗಳ ಕೊನೆಗೆ. ಅಷ್ಟು ಹೊತ್ತಿಗೆ ಟ್ರೇಲರ್ ಬಂದಿರುತ್ತದೆ, ಅಡಿಪಾಯ ಹಸಿಯಾಗಿರುತ್ತದೆ, ಮಳೆ ಎದುರಿಗಿರುತ್ತದೆ. ಮಿಕ್ಸರ್ ಇಟ್ಟು ಇಲ್ಲೇ ಕಲಸಿ ಹಾಕೋಣವೆಂದರೆ ಅಷ್ಟು ದೊಡ್ಡ ಕಾಂಕ್ರೀಟಿನ ದಿಂಡು ಒಂದೇ ಸಲಕ್ಕೆ ಮುಗಿಯುವುದಿಲ್ಲ.

ಫಿಟ್ಟರನನ್ನು ಬದಿಗೆ ಕರೆದೆ. "ನಿಮಗೇನು ಅಮಾಸಿ ಇಲ್ಲಲ್ಲ?"

"ಅಮಾಸಿ ನಂದಲ್ರಿ ಸಾಹೇಬ್ರ. ಗ್ಯಾಂಗ್ ನಂದು" ಎಂದ. "ನಾ ಒಬ್ನ ಬಂದು ಏನ್ ಮಾಡ್ಲಿ, ಲಾರಿಗೆ ಸಲಾಂ ಹೊಡೀಲೇನು?"

ಕೂಲಿಯಾಳು ಒದಗಿಸುವ ಏಜೆಂಟನೊಬ್ಬನಿಗೆ ಫೋನು ಮಾಡಿದೆ. ಬೇರೆ ರಾಜ್ಯದ ಹುಡುಗರಿದ್ದಾರೆ, ನಾಳೆ ಬೆಳಿಗ್ಗೆ ಕಳಿಸುತ್ತೇನೆ ಎಂದ. ನಾನು ಹೂಂ ಎನ್ನುವವನಿದ್ದೆ. ಮಧ್ಯಾಹ್ನದೊಳಗೆ ತಿಳಿಸುತ್ತೇನೆ ಎಂದು ಫೋನಿಟ್ಟೆ.

ಮೇಸ್ತ್ರಿ ಹಲಸಿನ ಮರದ ಕೆಳಗೆ ಚಹಾ ಕುಡಿಯುತ್ತ ಕೂತಿದ್ದರು. ನನಗೂ ಒಂದು ಕಪ್ಪು ಮುಂದಿಟ್ಟರು. ಕೊನೆಯ ಪ್ರಯತ್ನವೆಂದು ಹೇಳಿದೆ, "ಮೇಸ್ತ್ರಿ, ಬೀಳೋರು ಬ್ಯಾರೆ ದಿನಾನೂ ಬೀಳ್ತಾರ. ಅಮಾಸಿ ದಿನಾ ಅಷ್ಟ ಬೀಳೂದಿಲ್ಲ."

"ಖರೇ ಐತ್ರಿ" ಎಂದರು, ಒಂದು ಚೂರೂ ತಡವರಿಸದೆ. "ನಾನೂ ಹದಿನಾರಾಣೆ ನಂಬತೇನಿ ಅಂತ ಹೇಳೂದಿಲ್ಲ. ಆದ್ರ ನೋಡ್ರಿ, ಬ್ಯಾರೆ ದಿನಾ ಒಬ್ಬ ಬಿದ್ದಾ ಅಂದ್ರ ಅವನ ಹಣೇಬಾರ ಅಂತಾರ. ಅಮಾಸಿ ದಿನಾ ಬಿದ್ರ ಮೇಸ್ತ್ರಿ ಒಯ್ದು ಕೆಡವಿದಾ ಅಂತಾರ. ನಮ್ಮ ಓಣ್ಯಾಗ ಒಬ್ಬ ಮೇಸ್ತ್ರಿ ಅದಾನ. ಹಿಂಗ ಅಮಾಸಿಗೆ ಕರಕೊಂಡ ಹೋದಾ, ಒಬ್ಬನ ಕಾಲ ಜಜ್ತು. ಇವತ್ತಿಗೂ ಆ ಮನಿಯವ್ರು ಅವನ ಬಾಗಲ ಮುಂದ ಹಾಯೂದಿಲ್ಲ. ಗ್ಯಾಂಗ್ ಒಡದ ಹೋತು. ನನ್ನ ಜೋಡಿ ಬಂದವ್ರು ಯಾರ್ರಿ? ಎಲ್ಲಾ ಬೀಗ್ರು, ಅಣ್ತಮ್ರು. ನಾ ಸಂಜಿಕ ಹೊಳ್ಳಿ ಅದ ಓಣಿಗೆ ಹೋಗಬೇಕು."

ಹುಡುಗನಾಗಿದ್ದಾಗಿನಿಂದ ಕೇಳಿದ ಆ ನಿಯಮವನ್ನು ನಾನು ಯಾವತ್ತೂ ಆಕಾಶದ ಕಡೆಯಿಂದಲೇ ನೋಡಿದ್ದೆ. ಅದರ ಇನ್ನೊಂದು ತುದಿ ವಾಸ್ಕೋದ ಒಂದು ಓಣಿಯಲ್ಲಿತ್ತು. ಏನಾದರೂ ಆದರೆ ಯಾರು ಹೊಣೆ ಎಂಬ ಪ್ರಶ್ನೆ ಅದು. ಆ ತಿಂಗಳು ನನ್ನ ತಲೆ ತಿನ್ನುತ್ತಿದ್ದ ಪ್ರಶ್ನೆಯೂ ಅದೇ. ಮೇಸ್ತ್ರಿಗೆ ಉತ್ತರ ಗೊತ್ತಿತ್ತೆಂದಲ್ಲ, ನನಗೂ ಗೊತ್ತಿರಲಿಲ್ಲ. ಇಬ್ಬರೂ ಒಂದೇ ಕುಣಿಕೆಯಲ್ಲಿದ್ದೇವೆ ಎಂಬುದು ಮಾತ್ರ ಮೊದಲ ಸಲ ಕಂಡಿತು.

ಏಜೆಂಟನಿಗೆ ಫೋನು ಮಾಡಿ ಬೇಡವೆಂದೆ. ಈ ಪಂಜರ ಕಟ್ಟಿದವರು ಇವರು, ಬೋಲ್ಟು ಕೂರಿಸಿದವರು ಇವರು. ಬೇರೆಯವರ ಕೈಯಲ್ಲಿ ಕಾಂಕ್ರೀಟು ಹಾಕಿಸಿದರೆ ನಾಡಿದ್ದು ಈ ಗುಂಪು ಮತ್ತೆ ಬರುವುದಿಲ್ಲ, ಬರಲೂ ಬಾರದು. ಆಮೇಲೆ ನಾನು ಮಾಡಿದ್ದು, ಅಷ್ಟು ದಿನ ಮಾಡದೆ ಬಿಟ್ಟಿದ್ದ ಕೆಲಸ. ಒಡತಿಯ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಊಟ ಮಾಡುತ್ತಿದ್ದರು. ಡಬ್ಬಿಯ ಮುಚ್ಚಳ ಹಾಕಿ ಪೂರ್ತಿ ಕೇಳಿದರು. ನಮ್ಮ ಮಾತು ಹಿಂದಿಯಲ್ಲಿ ನಡೆಯುತ್ತಿತ್ತು, ಸಿಟ್ಟು ಬಂದಾಗ ಅವರು ಕೊಂಕಣಿಗೆ ಹೋಗುತ್ತಿದ್ದರು. ಸ್ವಲ್ಪ ಹೊತ್ತು ಕೊಂಕಣಿಯಲ್ಲೇ ಮಾತಾಡಿದರು. ಆಮೇಲೆ ಹೇಳಿದರು, "ಸಡಿಲ ಮಣ್ಣು ಸಿಕ್ಕಿದ್ದೂ ನನಗೆ ಗೊತ್ತು. ಪೆಟ್ಟಿಗೆ ಮಡಚುವ ಹೆಂಗಸರಿಗೆ ಕಿಟಕಿಯಿಂದ ನಿಮ್ಮ ಗುಂಡಿ ಕಾಣುತ್ತದೆ. ಪ್ರತಿ ಸಂಜೆ ಫೋನು ಮಾಡುತ್ತಿದ್ದೆನಲ್ಲ, ನೀವು ಯಾವತ್ತು ಹೇಳುತ್ತೀರಿ ಎಂದು ನೋಡಲಿಕ್ಕೆ."

ಅಷ್ಟು ಹೇಳಿ ಅದನ್ನು ಅಲ್ಲಿಗೇ ಬಿಟ್ಟರು.

"ಅವರು ನಾಳೆ ಏನು ಮಾಡುವುದಿಲ್ಲ ಎಂದು ಹೇಳಿದಿರಿ. ಏನು ಮಾಡುತ್ತಾರೆ ಎಂದು ಕೇಳಿದಿರಾ?"

ಕೇಳಿರಲಿಲ್ಲ.

"ನಮ್ಮ ತಂದೆಗೆ ದೋಣಿಗಳಿದ್ದವು. ಕೆಲವು ದಿನ ಯಾರೂ ಕಡಲಿಗೆ ಇಳಿಯುತ್ತಿರಲಿಲ್ಲ. ತಂದೆ ಜಗಳ ಮಾಡಿದ್ದು ನಾನು ನೋಡಿಲ್ಲ. ಬಲೆ ಹೊಲಿಯುತ್ತೀರಾ, ದೋಣಿಗೆ ಎಣ್ಣೆ ಬಳಿಯುತ್ತೀರಾ ಎಂದು ಕೇಳುತ್ತಿದ್ದರು. ಬನ್ನಿ." ಡಬ್ಬಿ ಅಲ್ಲೇ ಬಿಟ್ಟು ಎದ್ದರು.

ಸಿಮೆಂಟಿನ ಚೀಲಗಳ ಮೇಲೆ ನಕ್ಷೆ ಹರಡಿಕೊಂಡು ನಾವೆಲ್ಲ ಸುತ್ತ ನಿಂತೆವು. ಒಡತಿ ಹಿಂದಿಯಲ್ಲಿ ಕೇಳಿದ್ದನ್ನು ಮೇಸ್ತ್ರಿ ತಮ್ಮ ಅರೆಬರೆ ಹಿಂದಿಯಲ್ಲಿ ಉತ್ತರಿಸುತ್ತಿದ್ದರು. ನಡುವೆ ಅವರ ಹೆಂಡತಿ ಕನ್ನಡದಲ್ಲಿ ನನ್ನ ಕಡೆ ತಿರುಗಿ ಹೇಳಿದರು, "ಸುರೂ ಮಾಡಬಾರದ್ರಿ ಸಾಹೇಬ್ರ. ನಡದಿದ್ದ ಕೆಲಸ ಬಿಡಬೇಕಂತ ಯಾರೂ ಹೇಳಿಲ್ಲ. ಅಮಾಸಿ ಅಂತ ರೊಟ್ಟಿ ಬಡಿಯೂದ ಬಿಡ್ತೀವೇನ್ರಿ?"

"ಇದು ಸುರೂ ಎಲ್ಲಿ ಆಗೇತಿ? ತಳಕ್ಕ ತುಂಬಿದ್ದು ಲೆಕ್ಕಕ್ಕಿಲ್ಲ, ಅಸಲಿ ಕಾಂಕ್ರೀಟ್ ಬಿದ್ದ ಮ್ಯಾಲ ಅಡಿಪಾಯ ಸುರೂ ಆದಂಗ" ಎಂದರು ಮೇಸ್ತ್ರಿ.

ಹಾಗಾದರೆ ಇವತ್ತೇ ಸ್ವಲ್ಪ ಕೈಯಲ್ಲಿ ಕಲಸಿ ಹಾಕಿ ಎಂದು ಒಡತಿ. ಆಗುವುದಿಲ್ಲ, ಇವತ್ತಿನ ಪದರಕ್ಕೂ ನಾಳೆಯ ಪದರಕ್ಕೂ ಬೆಸುಗೆಯಾಗುವುದಿಲ್ಲ ಎಂದು ನಾನು. ಅವರ ನಿಯಮಕ್ಕೆ ಒಂದು ಬಾಗಿಲು ಸಿಕ್ಕಿತ್ತು. ಈಗ ಅಡ್ಡ ನಿಂತದ್ದು ನನ್ನದು. ಫಿಟ್ಟರ್, "ನೋಡ್ರಿ, ಇಂಜಿನೇರ್ ಸಾಹೇಬ್ರ ಅಮಾಸಿ ನಮ್ಮ ಅಮಾಸಿಗಿಂತ ಬಿಗಿ ಐತಿ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ ಎಂದು ನೆನಪು.

ಆಗ ಯಾರೋ ನಕ್ಷೆಯ ಮೂಲೆಯಲ್ಲಿದ್ದ ಸಣ್ಣ ಚೌಕವನ್ನು ತೋರಿಸಿದರು. ಯಂತ್ರದ ಮೋಟರಿಗೆಂದು ಪ್ರತ್ಯೇಕವಾದ ಒಂದು ಪುಟ್ಟ ದಿಂಡು. ದೊಡ್ಡ ದಿಂಡಿನ ಅದುರುವಿಕೆ ಅದಕ್ಕೆ ತಾಗಬಾರದೆಂದು ಎರಡರ ನಡುವೆ ಬೇಕೆಂದೇ ಸಂದು ಬಿಟ್ಟಿದ್ದರು. ಅದು ಇದೇ ಅಡಿಪಾಯದ ಭಾಗ, ಆದರೆ ಬೆಸೆಯಬೇಕಾದದ್ದಲ್ಲ. ಅದನ್ನು ಇವತ್ತು ಹಾಕಿದರೆ ಎರಡು ನಿಯಮಗಳೂ ಉಳಿಯುತ್ತಿದ್ದವು.

ಮೇಸ್ತ್ರಿ ಬಹಳ ಹೊತ್ತು ಆ ಚೌಕವನ್ನು ನೋಡಿದರು. ಆಮೇಲೆ ಊರಲ್ಲಿದ್ದ ತಮ್ಮ ಹಿರಿಯರೊಬ್ಬರಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳಿಸುವಂತೆ ಇಟ್ಟರು. ಆ ಕಡೆಯಿಂದ ದೊಡ್ಡ ದನಿ ಕೇಳಿತು, "ಕಾಯಿ ಯಾವತ್ತ ಒಡೀತೀರಿ?"

"ಇವತ್ತರಿ ದೊಡ್ಡಪ್ಪ."

"ಮತ್ತ ಸುರೂ ಇವತ್ತ ಆತಲ್ಲೋ. ಇಷ್ಟಕ್ಕ ಫೋನ್ ಮಾಡ್ತಿ?"

ಮೇಸ್ತ್ರಿ ಎರಡು ಷರತ್ತು ಹಾಕಿದರು. ಮೊದಲ ಬುಟ್ಟಿ ಒಡತಿಯೇ ಸುರಿಯಬೇಕು. ನಾಳೆ ಬೆಳಿಗ್ಗೆಯಿಂದ ಕೆಲಸ ಮುಗಿಯುವವರೆಗೆ ಅವರು ಇಲ್ಲೇ ಕೂತಿರಬೇಕು, ಅವರ ಕಾರು ಗೇಟಿನ ಕಡೆ ಮುಖ ಮಾಡಿ ನಿಂತಿರಬೇಕು, ಏನಾದರೂ ಆದರೆ ಆಸ್ಪತ್ರೆಗೆ ಹೊರಡಲು. ನಾನು ಮೂರನೆಯದನ್ನು ಸೇರಿಸಿದೆ. ಎಲ್ಲರಿಗೂ ಹೆಲ್ಮೆಟ್ಟು, ಬೂಟು. ಬೇರೆ ದಿನ ಬೂಟೆಂದರೆ ಗೊಣಗುತ್ತಿದ್ದವರು ಅವತ್ತು ತಾವೇ ಕೇಳಿ ಪಡೆದರು.

ಮಧ್ಯಾಹ್ನದ ಮೇಲೆ ಕಾಯಿ ಒಡೆದದ್ದಾಯಿತು. ಒಡತಿ ಶಿಲುಬೆಯ ಗುರುತು ಮಾಡಿಕೊಂಡು ಮೊದಲ ಬುಟ್ಟಿ ಸುರಿದರು. ಫಿಟ್ಟರ್ ಬಿಸ್ಮಿಲ್ಲಾ ಎಂದು ಎರಡನೆಯದನ್ನು ಎತ್ತಿಕೊಂಡ. "ಮಾಲಕಿನ್ ಬಾಯಾರ ದೇವರು ಆತು, ಕಾಕಾನ ಕಾಯಿ ಆತು, ನಂದೂ ಆತು. ಇನ್ನ ಮಷೀನ್ ಅಲಗ್ಯಾಡಿದ್ರ ಇಂಜಿನೇರ್ ಸಾಹೇಬ್ರದ ತಪ್ಪು."

ನಾನು ಮೇಸ್ತ್ರಿಯ ಪಕ್ಕ ನಿಂತು ಮೆಲ್ಲಗೆ ಕೇಳಿದೆ, "ದೇವ್ರಿಗೆ ಮೋಸ ಮಾಡಿದಂಗ ಆಗಲಿಲ್ಲೇನು?"

"ದೇವ್ರಿಗೆ ಎಲ್ಲಾ ತಿಳೀತೈತ್ರಿ. ಓಣಿಯವ್ರಿಗೆ ಹೇಳಾಕ ಒಂದ ಮಾತ ಬೇಕಿತ್ತು."

ಮರುದಿನ ಟೆಂಪೋ ಬಂತು. ಒಬ್ಬರೂ ತಪ್ಪಿಸಿರಲಿಲ್ಲ. ಒಡತಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾರಿನ ಕೀಲಿಯನ್ನು ಎಲ್ಲರಿಗೂ ಕಾಣುವಂತೆ ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು.

ಮೊದಲ ಲಾರಿಯ ಕಾಂಕ್ರೀಟನ್ನು ಹದ ತಿಳಿಯಲು ತಗಡಿನ ಶಂಕುವಿನಲ್ಲಿ ತುಂಬಿ, ಶಂಕುವನ್ನು ಎತ್ತಿ ಎಷ್ಟು ಕುಸಿಯುತ್ತದೆ ಎಂದು ನೋಡಿದೆ. ಸರಿಯಿತ್ತು. ಪದರ ಪದರವಾಗಿ ಹಾಕುತ್ತ, ಪ್ರತಿ ಪದರಕ್ಕೂ ವೈಬ್ರೇಟರಿನ ಸೂಜಿ ಇಳಿಸಿ ಗಾಳಿ ಹೊರಗೆ ತೆಗೆಯುತ್ತ ಬಂದೆವು. ಯಂತ್ರದ ಪಾದವನ್ನು ಹಿಡಿದಿಡುವ ಬೋಲ್ಟುಗಳು ಒಂದು ಉಕ್ಕಿನ ತಟ್ಟೆಯ ರಂಧ್ರಗಳಲ್ಲಿ ನೇತಾಡುತ್ತಿದ್ದವು, ಕಾಂಕ್ರೀಟು ಗಟ್ಟಿಯಾಗುವವರೆಗೆ ಆ ತಟ್ಟೆ ಅಲುಗಬಾರದು. ಎರಡನೆಯ ಲಾರಿಯಿಂದ ಕಾಂಕ್ರೀಟು ಇಳಿಸುವ ಜಾರುದೋಣಿ ತಿರುಗುವಾಗ ತಟ್ಟೆಯ ಮೂಲೆಗೆ ಬಡಿಯಿತು. ಅಡ್ಡ ಉದ್ದ ಕಟ್ಟಿದ ದಾರಗಳ ಜತೆ ತಾಳೆ ನೋಡಿದರೆ ಒಂದು ಬದಿ ಸರಿದಿತ್ತು. ಹಾರೆ ಹಾಕಿ ಮೀಟಿ ತಟ್ಟೆಯನ್ನು ಜಾಗಕ್ಕೆ ತಂದೆವು. ಮೂಲೆಯ ಒಂದು ಬೋಲ್ಟು ಮಾತ್ರ ಪೂರ್ತಿ ನೆಟ್ಟಗಾಗಲಿಲ್ಲ. ಹೆಚ್ಚು ಎಳೆದರೆ ಉಳಿದವೂ ಸರಿಯುತ್ತವೆಂದು ಬಿಟ್ಟೆ. ಕೈ ತೊಳೆಯದೆ ಹಾಗೆಯೇ ಹೋಗಿ ಒಡತಿಗೆ ಹೇಳಿದೆ, "ಒಂದು ಬೋಲ್ಟು ವಾಲಿದೆ. ಯಂತ್ರ ಕೂರಿಸುವಾಗ ತೊಂದರೆ ಕೊಡಬಹುದು." ಅವರು ತಲೆಯಾಡಿಸಿ, "ಬರೆಂ" ಎಂದರು. ಆಯಿತು ಎಂದು ಅರ್ಥ.

ಕೊನೆಯ ಲಾರಿ ತಡವಾಯಿತು. ದಾರಿಯಲ್ಲಿ ಎಲ್ಲೋ ವಾಹನಗಳ ಸಾಲು. ಹಾಕಿದ ಪದರ ಒಣಗುತ್ತಿತ್ತು, ನಾನು ಹೆದರುತ್ತಿದ್ದ ಸಂದು ಕಣ್ಣೆದುರೇ ಹುಟ್ಟುವುದರಲ್ಲಿತ್ತು. ಹೆಣ್ಣಾಳುಗಳು ಒದ್ದೆ ಗೋಣಿ ಹೊದಿಸಿ ಬಿಸಿಲಿಗೆ ಮರೆ ಮಾಡಿದರು, ನಾನು ಆಗಾಗ ಸೂಜಿ ಇಳಿಸಿ ಅದನ್ನು ಎಚ್ಚರವಾಗಿಟ್ಟೆ. ಆ ಗಡಿಬಿಡಿಯಲ್ಲಿ ಫಿಟ್ಟರನ ಹೆಬ್ಬೆರಳನ್ನು ತಂತಿಯೊಂದು ಸೀಳಿತು. ರಕ್ತ ಕಂಡದ್ದೇ ಎಲ್ಲರ ಕೈ ನಿಂತಿತು. ಮೇಸ್ತ್ರಿಯ ಮುಖ ಬಿಳಿಚಿತು. ಒಡತಿ ಕೀಲಿ ಹಿಡಿದು ಎದ್ದೇ ಬಿಟ್ಟರು.

ಫಿಟ್ಟರ್ ಬೆರಳನ್ನು ಬಾಯಲ್ಲಿಟ್ಟುಕೊಂಡು ತೆಗೆದು ನೋಡಿದ. "ಕಾಕಾ, ಹೆದರಬ್ಯಾಡೋ. ಇದು ಮುಸಲರ ಹೆಬ್ಬಟ್ಟು, ನಿಮ್ಮ ಅಮಾಸಿ ಲೆಕ್ಕದಾಗ ಬರೂದಿಲ್ಲ."

ಮೇಸ್ತ್ರಿಯ ಹೆಂಡತಿ ನಕ್ಕ ಮೇಲೆ ಉಳಿದವರಿಗೆ ಉಸಿರು ಬಂತು. ಒಡತಿ ಪಟ್ಟಿ ಕಟ್ಟಿದರು. ಅಷ್ಟರಲ್ಲಿ ಏರಿನ ಕೆಳಗೆ ಲಾರಿಯ ಸದ್ದು ಕೇಳಿತು. ಹಳೆಯ ಪದರಕ್ಕೆ ಸೂಜಿ ಇನ್ನೂ ಸಲೀಸಾಗಿ ಇಳಿಯುತ್ತಿತ್ತು. ಸಂಜೆಯ ಹೊತ್ತಿಗೆ ಮೇಲ್ಮೈ ಸಮ ಮಾಡಿ ಮುಗಿಸಿದೆವು.

ಮುಂದಿನ ದಿನಗಳಲ್ಲಿ ಗೋಣಿ ಒಣಗದಂತೆ ನೀರುಣಿಸಿದೆವು. ಪಕ್ಕದಲ್ಲಿ ಎರಕ ಹೊಯ್ದಿದ್ದ ಮಾದರಿ ಘನಗಳನ್ನು ಪರೀಕ್ಷೆಗೆ ಕಳಿಸಿದೆ, ಬಲ ಸಾಕಷ್ಟಿದೆ ಎಂದು ಬಂತು. ಮೋಡ ದಿನಾ ಸಂಜೆ ಬಂದು ನೋಡಿ ಹೋಗುತ್ತಿತ್ತು. ಪೆಟ್ಟಿಗೆ ಮಡಚುವ ಹೆಂಗಸರು, ಯಾರೂ ಹೇಳದೆ, ಬಿಡುವಿದ್ದಾಗಲೆಲ್ಲ ಏರಿನ ಗಾಲಿ ಬೀಳುವ ಜಾಗಕ್ಕೆ ಒಡೆದ ಜಂಬಿಟ್ಟಿಗೆ ಚೂರು ಹಾಕುತ್ತಿದ್ದರು. ಟ್ರೇಲರ್ ಎರಡು ಸಲ ಹಿಂದಕ್ಕೆ ಬಂದು ಮೂರನೆಯ ಸಲ ಹತ್ತಿತು. ವಾಸ್ಕೋದಿಂದ ಬಂದ ಕ್ರೇನು ಯಂತ್ರವನ್ನು ಎತ್ತಿ ಬೋಲ್ಟುಗಳ ಮೇಲೆ ಇಳಿಸಿತು. ವಾಲಿದ ಬೋಲ್ಟು ನಿರೀಕ್ಷಿಸಿದಂತೆ ತಕರಾರು ಮಾಡಿತು. ಯಂತ್ರ ಕೂರಿಸುವ ತಂತ್ರಜ್ಞ ಬೈದುಕೊಂಡೇ ಯಂತ್ರದ ಪಾದದ ರಂಧ್ರವನ್ನು ಕೊರೆದು ಅಗಲ ಮಾಡಿದ. ಒಡತಿ ಪಕ್ಕದಲ್ಲೇ ನಿಂತಿದ್ದರು, ನನ್ನ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ. ಅದು ಅವರಿಗೆ ಹಳೆಯ ಸುದ್ದಿ. ಕೆಲವೇ ದಿನಗಳಲ್ಲಿ ಮಳೆ ಹಿಡಿಯಿತು, ಏರು ಕೆಸರಾಗಿ ಹರಿಯಿತು.

ಆ ಸಣ್ಣ ಚೌಕವನ್ನು ತೋರಿಸಿದವರು ಯಾರು ಎಂಬುದನ್ನು ಬಿಡಿಸಲು ಪ್ರಯತ್ನಿಸಿದ್ದೇನೆ. ನಾನೇ ಎಂದು ನನ್ನ ನೆನಪು ಹೇಳುತ್ತದೆ, ಆದ್ದರಿಂದಲೇ ಅನುಮಾನ. ಮೇಸ್ತ್ರಿಯನ್ನು ಕೇಳಿದರೆ, "ಬಾಯಾರು ಬೆರಳ ಇಟ್ರಲ್ರಿ" ಎಂದರು. ಒಡತಿ, ಮೇಸ್ತ್ರಿ ಎನ್ನುತ್ತಾರೆ. ಫಿಟ್ಟರ್ ಎಲ್ಲವೂ ತನ್ನದೇ ಎನ್ನುತ್ತಾನೆ. ಅದು ಯಾರದ್ದಾದರೂ ಆಗಿರಲಿ, ಅವತ್ತು ಆ ಚೀಲಗಳ ಸುತ್ತ ನಿಂತವರೆಲ್ಲರಿಗೂ ನಾನು ಋಣಿ. ಬಯ್ಯುವ ಹಕ್ಕಿದ್ದೂ ಪ್ರಶ್ನೆ ಕೇಳಿದ ಒಡತಿಗೆ, ನನ್ನ ಚಂದ್ರನ ಪಾಠವನ್ನು ಸಹಿಸಿಕೊಂಡು ತಮ್ಮ ಓಣಿಯ ಭಯವನ್ನು ಬಿಚ್ಚಿ ಹೇಳಿದ ಮೇಸ್ತ್ರಿಗೆ, ಮಾತೂ ನಿನ್ನದೇ ಎಂದು ಕಳಿಸಿ ಆಮೇಲೆ ಒಮ್ಮೆಯೂ ನಡುವೆ ಬಾಯಿ ಹಾಕದ ನಮ್ಮ ಮಾಲೀಕರಿಗೆ. ನಾನು ಈಗಲೂ ಅಮಾವಾಸ್ಯೆಯನ್ನು ನಂಬುವುದಿಲ್ಲ. ಆದರೆ ಕೆಲಸ ಶುರುವಾಗುವ ಮೊದಲು ಗುಂಪಿನ ಜತೆ ಕೂತು, ನಿಮಗೆ ಯಾವ ದಿನ ಆಗುವುದಿಲ್ಲ, ಆ ದಿನ ಏನು ಮಾಡಬಹುದು ಎಂದು ಬಾಯಿಬಿಟ್ಟು ಕೇಳುತ್ತೇನೆ. ನನ್ನ ಊರಿನವರಾದರೆ ಎರಡು ಸಲ ಕೇಳುತ್ತೇನೆ.

ಯಂತ್ರ ಮೊದಲು ಓಡುವ ದಿನ ಒಡತಿ ಇಡೀ ಗುಂಪನ್ನು ಕರೆಸಿದ್ದರು. ಹೊರಗೆ ಮಳೆ ಸುರಿಯುತ್ತಿತ್ತು. ತಂತ್ರಜ್ಞ ಒಂದು ಸ್ಟೀಲ್ ಲೋಟದ ತುಂಬ ನೀರು ತುಂಬಿ ಅಡಿಪಾಯದ ಅಂಚಿನ ಮೇಲೆ ಇಟ್ಟ. ಅಡಿಪಾಯ ಅದುರಿದರೆ ನೀರು ತುಳುಕುತ್ತದೆ, ಅದು ಅವನ ಪರೀಕ್ಷೆ. ಗುಂಡಿ ಒತ್ತಿದ. ಯಂತ್ರ ಒಮ್ಮೆ ಕೆಮ್ಮಿ ಕುಟ್ಟತೊಡಗಿತು, ಶೆಡ್ಡಿನ ತಗಡು ಗಡಗಡ ಎಂದಿತು, ನಾವೆಲ್ಲ ಲೋಟದ ಮೇಲೆ ಬಗ್ಗಿದೆವು. ನೀರಿನ ಮೇಲೆ ಒಂದು ಸಣ್ಣ ಉಂಗುರ ಎದ್ದು ಅಂಚಿಗೆ ಹೋಗುವ ಮೊದಲೇ ಅಳಿಯಿತು. ಇನ್ನೊಂದು ಎದ್ದಿತು, ಅದೂ ಅಳಿಯಿತು. ಒಂದು ಹನಿಯೂ ಹೊರಗೆ ಬೀಳಲಿಲ್ಲ. ತಂತ್ರಜ್ಞ ಕೈ ಒರೆಸಿಕೊಂಡ. ಮೇಸ್ತ್ರಿ ಮಾತ್ರ ಬಗ್ಗಿಯೇ ಇದ್ದರು.

ಅವರ ಹೆಗಲ ಮೇಲಿಂದ ಒಂದು ಕೈ ಬಂದು ಲೋಟವನ್ನು ಎತ್ತಿತು. ಮೇಸ್ತ್ರಿಯ ಹೆಂಡತಿ ತಲೆ ಹಿಂದಕ್ಕೆ ಚೆಲ್ಲಿ ಗಟಗಟ ಕುಡಿದು ಲೋಟ ಕೆಳಗಿಟ್ಟರು.

"ಏನ್ ಮಾಡಿದಿ? ಅದು ನೋಡಾಕ ಇಟ್ಟಿದ್ದು" ಎಂದರು ಮೇಸ್ತ್ರಿ.

"ನೋಡಿದ್ದ ಆತಲ್ಲ. ನೀರಡಿಸಿತ್ತು" ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡರು. ಯಂತ್ರ ಕುಟ್ಟುತ್ತಲೇ ಇತ್ತು. ಆಚೆ ಕಡೆಯಿಂದ ಮೊದಲ ರಟ್ಟು ಗೆರೆ ಬಿದ್ದು ಹೊರಗೆ ಬಂತು, ಹೆಂಗಸೊಬ್ಬಳು ಅದನ್ನು ಎತ್ತಿ ಮಡಚಿ ಪೆಟ್ಟಿಗೆ ಮಾಡಿದಳು.